ಕಲೆಯಿಲ್ಲದ ಪುಟ

ಬಾಯಿ ತಪ್ಪಿ ಅಂದುಬಿಟ್ಟೆ, ಚಹಾದ ಹೊತ್ತಿನಲ್ಲಿ:
"ನೋಲೀನಳ ಅರವತ್ತಕ್ಕೆ ಕೇಕು ನಾನು ಮಾಡ್ತೀನಿ."
ಇಡೀ ಎಕ್ಸ್‌ರೇ ವಿಭಾಗ ಕಪ್ಪು ಕೆಳಗಿಟ್ಟು
ನನ್ನ ಮುಖ ನೋಡಿತು.

ಹದಿನಾಲ್ಕು ವರ್ಷದಿಂದ ಯಾರ ಹುಟ್ಟುಹಬ್ಬಕ್ಕೂ
ಅವಳದೇ ಕೇಕು.
ದೊಡ್ಡ ಡಾಕ್ಟರಿಗೆ ಕಾಫಿ, ಅಕ್ರೋಟು;
ನೆಲ ಒರೆಸುವ ಟುವಾನನಿಗೆ ತೆಂಗಿನಕಾಯಿಯದು;
ನಾನು ಸೇರಿದ ಮೊದಲ ವರ್ಷ, ಯಾರನ್ನೂ ಕೇಳದೆ,
ಮೊಟ್ಟೆಯಿಲ್ಲದ್ದೊಂದು, ಏಲಕ್ಕಿ ಕುಟ್ಟಿ ಹಾಕಿ.
(ಮೊಟ್ಟೆ ತಿನ್ನುತ್ತೇನೆ ನಾನು. ಇವತ್ತಿಗೂ ಹೇಳಿಲ್ಲ.)
ಅಂಥವಳಿಗೆ ಈಗ ನಾನು,
ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಲು ಹೊರಟವಳು.

ಕನ್ನಡಿಯಂತೆ ಹೊಳೆಯುವುದೊಂದು ನೋಡಿದೆ;
ಬಗ್ಗಿದರೆ ಮುಖ ಕಾಣಬೇಕಂತೆ ಅದರಲ್ಲಿ.
ಬೇಡ, ಮೊದಲು ಬಗ್ಗುವವಳು ನಾನೇ.
ಮೂರಂತಸ್ತಿನದು ಮದುವೆಯ ಹಾಗಿರುತ್ತದೆ,
ನೋಲೀನ್ ಮದುವೆಯ ಮಾತು ತೆಗೆಯುವುದಿಲ್ಲ.
ಪಾವ್ಲೋವಾ? ಫೆಬ್ರವರಿಯ ಬೆಂಡಿಗೊ, ನಲವತ್ತೊಂದು ಡಿಗ್ರಿ,
ಕಾರು ನಿಲ್ಲಿಸಿ ಲಿಫ್ಟು ಹತ್ತುವುದರೊಳಗೆ
ಅದು ಅತ್ತು ಮುಗಿಸಿರುತ್ತದೆ.
"ಬ್ಲ್ಯಾಕ್ ಫಾರೆಸ್ಟ್ ಮಾಡೇ, ಎಲ್ಲರೂ ತಿಂತಾರೆ"
ಅಂದ ನಿಜಗುಣ, ಸೋಫಾದಿಂದಲೇ.
ಅದಕ್ಕೇ ಬೇಡ.

ಬಾಡಿಗೆ ಮನೆಯ ಓವನ್ನು ಬೇರೆ ಎಡಕ್ಕೆ ವಾಲಿದೆ.
ಇಲ್ಲಿ ಬೆಂದದ್ದೆಲ್ಲ
ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟಂತೆ ಬೇಯುತ್ತದೆ.
ಕರೆಂಟು ಬಿಲ್ಲು ಎಂಟು ಮಡಿಕೆ ಮಾಡಿ ಅದರ ಕಾಲಡಿ ತುರುಕಿದೆ.

ಕೊನೆಗೆ ಬಿಚ್ಚಿದ್ದು ಅವಳದೇ ಪುಸ್ತಕ,
ಯಾವಾಗಲೋ ಎರವಲು ತಂದು ಕೊಡದೇ ಉಳಿದದ್ದು.
ಪುಟಪುಟಕ್ಕೂ ಬೆಣ್ಣೆಯ ಕಲೆ, ಕೋಕೋ ಹೆಬ್ಬೆಟ್ಟು,
ಅಂಚಿನಲ್ಲಿ ಪೆನ್ಸಿಲ್ಲು: ಸಕ್ಕರೆ ಇನ್ನೂ ಕಮ್ಮಿ;
ಡ್ಯಾರಿಲ್‌ಗೆ ಹಿಡಿಸಲಿಲ್ಲ; ಡ್ಯಾರಿಲ್‌ಗೆ ಇದೂ.
ನೂರ ಹನ್ನೆರಡು ಮಾತ್ರ ಬೆಳ್ಳಗೆ.
ಮೂಲೆ ಮಡಚಿದ್ದಾಳೆ, ಮಡಚಿ ಮಡಚಿ ಹರಿಯುವಷ್ಟು ಸವೆದಿದೆ,
ಬೆಣ್ಣೆ ಮಾತ್ರ ತಾಗಿಲ್ಲ.
ಏಳು ಪದರ, ನಡುನಡುವೆ ಚಾಕೊಲೇಟು,
ನೆತ್ತಿಗೆ ಗಾಜಿನಂಥ ಕ್ಯಾರಮೆಲ್ಲಿನ ಸೂರು.

ಹೋದ ತಿಂಗಳು ಮೆಟ್ಟಿಲ ಮೇಲೆ ಜಾರಿ
ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಂದಳು, ನನ್ನ ಯಂತ್ರದಡಿಗೆ.
ಮುರಿದಿರಲಿಲ್ಲ.
ಆದರೆ ಹೆಬ್ಬೆರಳ ಬುಡದಲ್ಲಿ, ಎಲುಬಿಗೂ ಎಲುಬಿಗೂ ನಡುವೆ
ಇರಬೇಕಾದ ಕಪ್ಪು ಗೆರೆ ಇರಲಿಲ್ಲ.
ಅಷ್ಟೂ ವರ್ಷ ಕಲಸಿದ್ದು, ಕಡೆದದ್ದು, ತಿರುವಿದ್ದು
ಬೆಳ್ಳಗೆ ಒಂದಕ್ಕೊಂದು ತಿಕ್ಕುತ್ತ ಕೂತಿತ್ತು.
"ಚೆನ್ನಾಗಿದೆ ತಾನೆ?" ಅಂದಳು.
"ಡಾಕ್ಟರು ಹೇಳ್ತಾರೆ" ಅಂದೆ.
ಚಿತ್ರ ತೆಗೆದವರು ಬಾಯಿ ಬಿಡುವಂತಿಲ್ಲ.

ಅಮ್ಮ ಕಲಿಸಿದ್ದು ಎಳೆಪಾಕ, ಎರಡೆಳೆ, ಉಂಡೆಪಾಕ.
ಬಣ್ಣ ತಿರುಗಿತೋ, ಚೆಲ್ಲೇ ಅನ್ನುತ್ತಿದ್ದಳು.
ಈ ಪುಟ ಶುರುವಾಗುವುದೇ
ಅಮ್ಮ ಚೆಲ್ಲಿದ ಕಡೆಯಿಂದ.
ಜೇನು, ಆಮೇಲೆ ತಾಮ್ರ, ಆಮೇಲೆ
ರೆಪ್ಪೆ ಬಡಿದರೆ ಕಹಿ.
ಎರಡು ಪಾತ್ರೆ ಕರಿಯಾದವು. ನಿಜಗುಣ ಎದ್ದು ಬಂದು
ಕಿಟಕಿ ತೆರೆದ, ಏನೂ ಅನ್ನಲಿಲ್ಲ, ನಿಂತೇ ಇದ್ದ.

ರಾತ್ರಿ ಹನ್ನೊಂದು. ಮೂರನೇ ಪಾಕ
ತೆಳು ಪದರದ ಮೇಲೆ ಹರಡುತ್ತಿದೆ.
ಗಟ್ಟಿಯಾಗುವ ಮೊದಲೇ ಹೋಳು ಕೊಯ್ದಿಡಬೇಕು,
ಬೆಣ್ಣೆ ಸವರಿದ ಚಾಕುವಿನಲ್ಲಿ;
ತಡವಾದರೆ ಮನಸ್ಸು ಬಂದಲ್ಲಿ ಒಡೆಯುತ್ತದೆ.
ಅಂದರೆ ತಿನ್ನುವವರೆಷ್ಟು ಅಂತ ಈಗಲೇ ಗೊತ್ತಿರಬೇಕು.
ಡಾಕ್ಟರು, ಟುವಾನ್, ರಾತ್ರಿ ಪಾಳಿಯ ಇಬ್ಬರು,
ಅವಳು, ನಾನು... ಹನ್ನೆರಡು.
ಡ್ಯಾರಿಲ್ ಬರುತ್ತಾನೋ ಇಲ್ಲವೋ,
ಇಷ್ಟು ಹೊತ್ತಿನಲ್ಲಿ ಯಾರನ್ನು ಕೇಳಲಿ?

ಒಂದು ತೊಟ್ಟು ಪುಟದ ಮೇಲೆ ಬಿತ್ತು.
ಒರೆಸಲು ಪುರಸೊತ್ತಿಲ್ಲ.
ಹದಿಮೂರು ಅಂತಲೇ ಕೊಯ್ಯುತ್ತೇನೆ,
ಸಮ ಬರುವುದಿಲ್ಲ, ಗೊತ್ತು.